ಹಗ್ಗದಕ್ಕ ಆರಿಸಿದ ಬೂಟು

ಬೋಟಿನ ಹಗ್ಗವನ್ನು ಒಂದೇ ಎಸೆತಕ್ಕೆ ಜೆಟ್ಟಿಯ ಗೂಟಕ್ಕೆ ಸಿಕ್ಕಿಸುತ್ತಿದ್ದಳೆಂದು ಅವಳಿಗೆ ಹಗ್ಗದಕ್ಕ ಎಂಬ ಹೆಸರು ಬಿದ್ದಿತ್ತು. ಹತ್ತೊಂಬತ್ತು ವರ್ಷದ ಚಾಕರಿ. ಈಚೆಗೆ ತಂಗಿಯನ್ನೂ ಅದೇ ಬೋಟಿಗೆ ಸೇರಿಸಿದ್ದಳು. ಪ್ರಯಾಣಿಕರನ್ನು ಹತ್ತಿಸಿ ಇಳಿಸುವುದು ತಂಗಿಯ ಕೆಲಸ.

ಆ ವರ್ಷ ಒಂದೇ ತಿಂಗಳಲ್ಲಿ ಮೂವರು ಒದ್ದೆ ಡೆಕ್ಕಿನ ಮೇಲೆ ಜಾರಿ ಬಿದ್ದರು. ಬೋಟು ಕಂಪನಿಯ ಉಗ್ರಾಣದ ಸಾಹೇಬರು ಐದು ಜೊತೆ ಬೂಟು ತಂದು ಅವಳ ಮುಂದಿಟ್ಟರು.

"ಜಾರದೇ ಇರೋದು ಯಾವುದು ಅಂತ ನೀನೇ ನೋಡಿ ಹೇಳಮ್ಮ. ನಮಗೇನು ಗೊತ್ತಾಗುತ್ತೆ?"

ಅವಳನ್ನು ಯಾರೂ ಹೀಗೆ ಕೇಳಿದ್ದೇ ಇಲ್ಲ. ಹತ್ತು ದಿನ ಅವಳಿಗೆ ಬೇರೆ ಲೋಕವಿರಲಿಲ್ಲ. ಡೆಕ್ಕಿಗೆ ಉಪ್ಪುನೀರು ಸುರಿದು, ಒಂದಿಷ್ಟು ಎಂಜಿನ್ ಎಣ್ಣೆ ಚೆಲ್ಲಿ, ಒಂದೊಂದನ್ನೇ ಮೆಟ್ಟಿ ನಡೆದಳು, ಓಡಿದಳು, ಗಕ್ಕನೆ ನಿಂತಳು. ಎರಡು ಸಲ ಬಿದ್ದು ಸೊಂಟ ಹಿಡಿದುಕೊಂಡಳು.

"ಅಕ್ಕಾ, ಭಾವನ್ನ ಒಪ್ಪೋ ಮುಂಚೆ ಇಷ್ಟು ಪರೀಕ್ಷೆ ಮಾಡ್ಲಿಲ್ವಲ್ಲ ನೀನು!" ಎಂದು ತಂಗಿ ನಕ್ಕಳು.

"ಅದಕ್ಕೇ ಅವನು ಜಾರ್ಕೊಂಡ," ಎಂದಳು ಅಕ್ಕ.

ಟ್ರ್ಯಾಕ್ಟರ್ ಚಕ್ರದಂಥ ದಪ್ಪ ಹಲ್ಲಿನ ಬೂಟು ನೋಡಲು ಗಟ್ಟಿಮುಟ್ಟು, ಒದ್ದೆ ಕಬ್ಬಿಣದ ಮೇಲೆ ಮಾತ್ರ ಹರಳೆಣ್ಣೆ ಹಚ್ಚಿದ ಹಾಗೆ. ಅವಳು ಆರಿಸಿದ್ದು ಸಪ್ಪೆಯಾಗಿ ಕಾಣುವಂಥದ್ದು. ಉಗುರು ಒತ್ತಿದರೆ ಗುರುತು ಬೀಳುವಷ್ಟು ಮೆತ್ತನೆಯ ಅಟ್ಟೆ, ಅದರ ತುಂಬ ಬ್ಲೇಡಿನಿಂದ ಗೀರಿದಂಥ ಸಣ್ಣ ಸೀಳುಗಳು. ಪಾದ ಬಾಗಿದಾಗ ಅವು ಬಾಯಿಬಿಟ್ಟು ನೀರನ್ನು ಆಚೆ ತಳ್ಳುತ್ತಿದ್ದವು.

ಎರಡು ತಿಂಗಳಾದ ಮೇಲೆ ಪೆಟ್ಟಿಗೆಗಳು ಬಂದವು. ಮೇಲಿನಿಂದ ನೋಡಿದರೆ ಅದೇ ಬೂಟು. ತಿರುಗಿಸಿ ಉಗುರು ಒತ್ತಿದಳು, ಉಗುರೇ ಬಾಗಿತು.

"ಸಾಹೇಬ್ರೇ, ಇದು ನಾನು ಹೇಳಿದ್ದಲ್ಲ."

"ಅದೇ ಥರದ್ದು ಕಣಮ್ಮ. ಧಣಿಗಳು ತಮ್ಮ ಭಾವಮೈದುನನ ಅಂಗಡಿಯಿಂದ ತರಿಸಿದ್ದಾರೆ. ಸೋಮವಾರದಿಂದ ಡೆಕ್ಕಿನ ಮೇಸ್ತ್ರಿ ನೀನೇ ಅಂತ ಮಾತಾಗಿದೆ, ಈಗ ತಕರಾರು ಯಾಕೆ? ಪರೀಕ್ಷೆ ಮಾಡಿ ಒಪ್ಪಿದ್ದೀನಿ ಅಂತ ಒಂದು ಸೈನು ಹಾಕು."

ಆ ಕಂಪನಿಯಲ್ಲಿ ಹೆಂಗಸೊಬ್ಬಳು ಮೇಸ್ತ್ರಿಯಾದದ್ದೇ ಇಲ್ಲ. ಅವಳು ಸೈನು ಹಾಕಿದಳು. ತಂಗಿಗೆ ಏನೂ ಹೇಳಲಿಲ್ಲ. ಹೇಳಿದರೆ ಸೈನಿನ ಮಾತನ್ನೂ ಹೇಳಬೇಕಿತ್ತು. "ಸ್ವಲ್ಪ ನೋಡ್ಕೊಂಡು ನಡಿ," ಎಂದಷ್ಟೇ ದಿನಾ ಬೆಳಿಗ್ಗೆ ಅಂದಳು.

ಹೊಸ ಬೂಟು ಮೆಟ್ಟಿದ ಹನ್ನೆರಡನೆಯ ದಿನ, ಹಾಡಹಗಲೇ, ಮುದುಕಿಯೊಬ್ಬಳ ಕೈಹಿಡಿದು ಇಳಿಸುತ್ತಿದ್ದ ತಂಗಿಯ ಕಾಲು ಜಾರಿತು. ಮುದುಕಿಯನ್ನು ಜೆಟ್ಟಿಯ ಕಡೆ ತಳ್ಳಿ ತಾನು ನಡುವಿನ ಸಂದಿಗೆ ಬಿದ್ದಳು. ಅಲೆಯೊಂದು ಬೋಟನ್ನು ಜೆಟ್ಟಿಗೆ ಒತ್ತಿತು. ಬಲಗಾಲು ಮೊಣಕಾಲಿನಿಂದ ಕೆಳಗೆ ಉಳಿಯಲಿಲ್ಲ.

ವಿಚಾರಣೆಯಲ್ಲಿ ಅಕ್ಕ ಸೈನು ಹಾಕಿದ ಕಾಗದ ಹೊರಬಂತು.

"ಸೈನು ನಿನ್ನದೇನಾ?"

"ನಂದೇ. ಬೂಟು ಬೇರೆ ಅಂತ ಗೊತ್ತಿದ್ದೇ ಹಾಕ್ದೆ," ಎಂದಳು. ಸಾಹೇಬರು ಆಡಿದ ಮಾತನ್ನೂ ಒಂದಕ್ಷರ ಬಿಡದೆ ಹೇಳಿದಳು. ವಿಚಾರಣೆಯವರು ಬರೆದುಕೊಂಡದ್ದು ಅವಳ ತಪ್ಪನ್ನು ಮಾತ್ರ. ಅವಳ ಕೆಲಸ ಹೋಯಿತು. ಸಾಹೇಬರಿಗೆ ಬೇರೆ ಕಚೇರಿಯಲ್ಲಿ ಇನ್ನೂ ದೊಡ್ಡ ಕುರ್ಚಿ ಸಿಕ್ಕಿತು.

ಆಸ್ಪತ್ರೆಯಲ್ಲಿ ತಂಗಿ ಕೇಳಿದಳು. "ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ನೀನು ಆರಿಸಿದ್ದು ಅಂತ ನಾನು ಕೆಳಗೂ ನೋಡದೆ ನಡೀತಿದ್ದೆ ಅಕ್ಕಾ."

ಅಷ್ಟು ಹೇಳಿ ಗೋಡೆಯ ಕಡೆ ತಿರುಗಿದಳು.

ಈಗ ತಂಗಿ ಟಿಕೆಟ್ ಕಿಟಕಿಯ ಹಿಂದೆ ಕೂರುತ್ತಾಳೆ. ಅಕ್ಕನಿಗೆ ಆಚೆ ದಡದ ಕಾರ್ಖಾನೆಯಲ್ಲಿ ನೆಲ ತೊಳೆಯುವ ಕೆಲಸ. ದಿನಾ ಅದೇ ಕಿಟಕಿಗೆ ಬರಬೇಕು. ತಂಗಿ ಮುಖ ನೋಡದೆ ಚೀಟಿ ಹರಿದು ಚಾಚುತ್ತಾಳೆ.

"ಮುಂದೆ ಹೋಗಿ," ಎನ್ನುತ್ತಾಳೆ. ಒಂದೇ ತಟ್ಟೆಯಲ್ಲಿ ಉಂಡು, ನೀನು ನಾನು ಎಂದು ಜಗಳವಾಡಿ ಬೆಳೆದವಳು, ಈಗ ಅಕ್ಕನಿಗೆ ಬಹುವಚನ ಹಚ್ಚುತ್ತಾಳೆ.