ಆಮೆನ್ ಆದ ಮೇಲಿನ ಸಾಲು

ಕಾಪುವಿನ ನಮ್ಮ ಕ್ಯಾಥೊಲಿಕ್ ಇಗರ್ಜಿಯ ಗುರ್ಕಾರರು, ಅಂದರೆ ನಮ್ಮ ಕೇರಿಯ ಹಿರಿಯರು, ಪ್ರಾರ್ಥನೆಗೆ ಮೊದಲು ಕನ್ನಡಕ ತೆಗೆದು ಜೇಬಿಗೆ ಹಾಕುತ್ತಿದ್ದರು. ಯಾರಾದರೂ ಮೀಟಿಂಗಿನ ಮಧ್ಯೆ ಎದ್ದು ಹೊರಟರೆ, "ಅರ್ಧ ಊಟದಲ್ಲಿ ಏಳುವುದುಂಟಾ ಮಾರಾಯ?" ಎಂದು ಕೂರಿಸುತ್ತಿದ್ದರು.

ಎಪ್ಪತ್ತರ ದಶಕದಲ್ಲಿ ಉಡುಪಿಯ ಪ್ರೊಟೆಸ್ಟೆಂಟ್ ಚರ್ಚಿನಲ್ಲಿ ಮೊದಲ ಸಲ ಎರಡೂ ಸಭೆಯವರು ಒಟ್ಟಿಗೆ ಪ್ರಾರ್ಥಿಸಿದೆವು. "ಪರಲೋಕದಲ್ಲಿರುವ ನಮ್ಮ ತಂದೆಯೇ" ಎಂದು ಜೊತೆಯಾಗಿಯೇ ಶುರು ಮಾಡಿದೆವು. "ಕೇಡಿನಿಂದ ರಕ್ಷಿಸು" ಎಂದದ್ದೇ ಅಲ್ಲಿಗೇ ಪ್ರಾರ್ಥನೆ ಮುಗಿಸುವ ಕ್ಯಾಥೊಲಿಕರಾದ ನಾವು ಗಟ್ಟಿಯಾಗಿ ಆಮೆನ್ ಹೇಳಿ ಕೂತುಬಿಟ್ಟೆವು. ಅವರಿಗೆ ಇನ್ನೂ "ರಾಜ್ಯವೂ ಬಲವೂ ಮಹಿಮೆಯೂ ನಿನ್ನವೇ" ಎಂಬ ಸಾಲು ಬಾಕಿ ಇತ್ತು. ನಿಂತಿದ್ದ ಅವರ ಮುಖ ನೋಡಲು ನಮಗೆ ನಾಚಿಕೆಯಾಯಿತು.

"ಅವರ ಮನೆಯಲ್ಲೇ ಅರ್ಧ ಊಟದಲ್ಲಿ ಎದ್ದೆವಲ್ಲ!" ಎಂದು ಗುರ್ಕಾರರು ಚಡಪಡಿಸಿದರು. ವರ್ಷವಿಡೀ ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮನ್ನು ನಿಲ್ಲಿಸಿ ಆ ಸಾಲನ್ನು ಬಾಯಿಪಾಠ ಮಾಡಿಸಿದರು.

ಮರುವರ್ಷ ಅದೇ ಚರ್ಚು, ಅದೇ ಪ್ರಾರ್ಥನೆ. "ಕೇಡಿನಿಂದ ರಕ್ಷಿಸು" ಎಂದದ್ದೇ ಈ ಸಲ ಅವರು ಆಮೆನ್ ಹೇಳಿ ಕೂತುಬಿಟ್ಟರು! ನಾವು ಮಾತ್ರ ನಿಂತು, ಅವರ ಸಾಲನ್ನು ಒಂದಕ್ಷರ ತಪ್ಪದೆ ಹೇಳಿ ಮುಗಿಸಿದೆವು. ಮೊದಲು ನಕ್ಕವರು ಅವರ ಪಾಸ್ಟರು.

ಗುರ್ಕಾರರು ಕನ್ನಡಕ ಹಾಕಿಕೊಂಡು, ಕೂತಿದ್ದವರನ್ನೆಲ್ಲ ಕಣ್ತುಂಬ ನೋಡಿದರು. "ಇವರೂ ವರ್ಷವಿಡೀ ಕಲಿತಿದ್ದಾರೆ ಮಾರಾಯ" ಎಂದರು.