ಕೋರ್ಸಿಗೊಂದು ಸಂಬಂಧ ವಿಚಾರಣೆ

ಚೆಂದದ ಇಂಗ್ಲಿಷ್ ಮಾತಾಡುವವರನ್ನು ಕಂಡರೆ ನನಗೆ ಈ ವಯಸ್ಸಿನಲ್ಲೂ ಎದ್ದು ನಿಲ್ಲಬೇಕು ಎನಿಸುತ್ತದೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಮ್ಯಾನರ್ಸ್ ಅದು. ಮೊಣಕಾಲು ನೋವು ಬಂದ ಮೇಲೂ ಹೋಗಿಲ್ಲ. ಒಳ್ಳೇ ಪ್ರೊನನ್ಸಿಯೇಷನ್ ಇರುವವನು ಮೋಸ ಮಾಡಲಿಕ್ಕಿಲ್ಲ ಎಂದು ನನ್ನೊಳಗಿನ ಎರಡು ಜಡೆಯ ಹುಡುಗಿ ಇನ್ನೂ ನಂಬಿಕೊಂಡಿದ್ದಾಳೆ. ಯಾವ ಕೋರ್ಸು ಅಸಲಿ, ಯಾವುದು ಟೋಪಿ ಎಂದು ತೀರ್ಮಾನಿಸಲಿಕ್ಕೆ ನನ್ನಷ್ಟು ನಾಲಾಯಕ್ಕಾದವಳು ಬಂಟ್ವಾಳ ತಾಲೂಕಿನಲ್ಲಿ ಬೇರೆ ಸಿಗಲಿಕ್ಕಿಲ್ಲ.

ಆದರೂ ನನ್ನ ತಂಗಿಯ ಮಗಳು ವಿಜಿ ನನ್ನನ್ನೇ ಕೇಳಿದಳು. ವಿಜಿಗೆ ಇನ್ನೂ ಮದುವೆಯಾಗಿಲ್ಲ. ಪುಂಜಾಲಕಟ್ಟೆಯ ಮನೆಯಲ್ಲಿ ಕೋರಿರೊಟ್ಟಿ ಮಾಡಿ ಮಾರುತ್ತಾಳೆ. ಕೋಳಿಸಾರಿನಲ್ಲಿ ಮುರಿದು ಹಾಕಿ ತಿನ್ನುವ ಆ ಗರಿಗರಿ ಅಕ್ಕಿರೊಟ್ಟಿ. ದೊಡ್ಡ ಗ್ರೈಂಡರ್ ತೆಗೆದುಕೊಳ್ಳಲು ಹಣ ಕೂಡಿಟ್ಟಿದ್ದಳು. ಅಷ್ಟರಲ್ಲಿ ಅವಳ ಮೊಬೈಲಿಗೆ ಮೂಡುಬಿದಿರೆಯ ಬಿಸಿನೆಸ್ ಟ್ರೈನಿಂಗಿನ ಜಾಹೀರಾತು ಬಂದು ಕೂತಿತು. ಮೊದಲ ಕ್ಲಾಸು ಫ್ರೀ. ಪೂರ್ತಿ ಕೋರ್ಸಿಗೆ ಮಾತ್ರ ಗ್ರೈಂಡರಿನ ಹಣವೆಲ್ಲ ಬೇಕು.

"ಗ್ರೈಂಡರಾ, ಕೋರ್ಸಾ? ನೀವೇ ಬಂದು ನೋಡಿ ಹೇಳಿ ದೊಡ್ಡಮ್ಮ."

ಹೋದೆವು. ಏಸಿ ಹಾಲು, ಕಣ್ಣು ಕುಕ್ಕುವ ಲೈಟು, ಕೋಟು ಹಾಕಿದ ಒಬ್ಬ ಯುವಕ. ಅವನ ಇಂಗ್ಲಿಷೋ, ಆಹಾ! "ನಿಮ್ಮ ಇನ್‌ಕಮ್ ಹತ್ತು ಪಟ್ಟು! ಗ್ಯಾರಂಟಿ! ಸೇ ಯೆಸ್!" ಎಂದ. ಇಡೀ ಹಾಲಿನಲ್ಲಿ ಮೊದಲು ಎದ್ದು "ಯೆಸ್, ಸರ್!" ಎಂದವಳು ಯಾರೆಂದು ನೀವೇ ಊಹಿಸಿ. ಪೆನ್ಶನ್ ಬಿಟ್ಟರೆ ಬೇರೆ ಇನ್‌ಕಮ್ಮೇ ಇಲ್ಲದ ಮುದುಕಿ! ವಿಜಿ ಸೆರಗು ಜಗ್ಗಿ ಕೂರಿಸಿದಳು. "ನೋಡ್ಲಿಕ್ಕೆ ಅಂತ ಕರ್ಕೊಂಡು ಬಂದದ್ದು ಮಾರಾಯ್ರೆ, ಸೇರ್ಲಿಕ್ಕಲ್ಲ!"

ಕೊನೆಗೆ ಅವನು, "ಈ ರೇಟು ಇವತ್ತು ಸಂಜೆಯವರೆಗೆ ಮಾತ್ರ," ಎಂದ. ಆಗ ನನ್ನೊಳಗಿನ ಕಾನ್ವೆಂಟ್ ಹುಡುಗಿ ಕೂತಳು, ಊರಿನ ಹೆಂಗಸು ಎದ್ದಳು. ಯಾಕೆಂದರೆ ಒಂದು ವಿದ್ಯೆಯಲ್ಲಿ ನನಗೆ ಹೆಸರುಂಟು: ಸಂಬಂಧ ವಿಚಾರಿಸುವುದು. ಒಬ್ಬ ಹುಡುಗನ ಪ್ರಸ್ತಾಪ ಬಂದರೆ ನಾವು ಮೊದಲು ಅವನ ಮನೆಗೆ ಹೋಗುವುದಿಲ್ಲ, ಮನೆಯ ಎದುರಿನ ಅಂಗಡಿಗೆ ಹೋಗುತ್ತೇವೆ. ಒಂದು ಸೋಡಾ ಕುಡಿದು, ಏನೋ ನೆನಪಾದವರ ಹಾಗೆ ಕೇಳುತ್ತೇವೆ. ವಿಚಾರಿಸಲಿಕ್ಕೆ ಪುರುಸೊತ್ತು ಕೊಡದೆ ಇವತ್ತೇ ನಿಶ್ಚಯ ಆಗಬೇಕು ಎನ್ನುವ ಗಂಡಿನ ಕಡೆಯವರಿಗೆ ಚಾ ಕೊಡುತ್ತೇವೆ, ಹೆಣ್ಣು ಕೊಡುವುದಿಲ್ಲ.

ನನ್ನ ಅಪ್ಪನೂ ಬೆಳ್ತಂಗಡಿಯ ಒಂದು ಅಂಗಡಿಯಲ್ಲಿ ವಿಚಾರಿಸಿಯೇ ನನ್ನ ಮದುವೆ ಮಾಡಿದ್ದು. "ಹುಡುಗ ನಗುವುದು ಕಡಿಮೆ, ಹೇಳಿದ್ದನ್ನು ಮಾಡ್ತಾನೆ," ಎಂದಿದ್ದರಂತೆ ಅಂಗಡಿಯವರು. ಹೌ ಅನ್‌ರೊಮ್ಯಾಂಟಿಕ್ ಎಂದು ನಾನು ದಿಂಬು ಒದ್ದೆ ಮಾಡಿದ್ದೆ. ಮದುವೆಯಾದ ಹೊಸತರಲ್ಲಿ, "ನನಗೆ ಒಮ್ಮೆ ಮೈಸೂರು ತೋರಿಸ್ತೀರಾ?" ಎಂದು ಕೇಳಿದೆ. "ನೋಡುವ," ಎಂದರು ಮಹಾಶಯರು. ಅಷ್ಟೇ. ಮೈಸೂರೂ ಆಯಿತು, ಕೇಳದಿದ್ದ ಊಟಿಯೂ ಆಯಿತು. ಹೋಟೆಲಿನ ಕಿಟಕಿಯ ಮಂಜು ಒರೆಸಿ ನನಗೆ ಹೊರಗಿನದನ್ನು ತೋರಿಸಿದ ಆ ಕೈ ಈಗಿಲ್ಲ. ಇರಲಿ.

ಟ್ರೈನಿಂಗ್ ಹಾಲಿನ ಎದುರಿಗೇ ಇತ್ತು ಹಮೀದಣ್ಣನ ಸೋಡಾ ಅಂಗಡಿ. "ಒಳಗೆ ಮಾತಾಡ್ತಾರಲ್ಲ, ಆ ಕೋಟಿನವರು ಜನ ಹೇಗೆ?" ಎಂದೆ.

ಅವರು ವಿಜಿಯನ್ನು ನೋಡಿದರು, ನನ್ನನ್ನು ನೋಡಿದರು. "ಮಾತುಕತೆ ಎಲ್ಲಿವರೆಗೆ ಬಂತಮ್ಮ?"

"ಇವತ್ತೇ ಮುಗಿಸಬೇಕಂತೆ."

ಹಮೀದಣ್ಣ ಲಿಂಬೆ ಹಿಂಡುವುದನ್ನು ನಿಲ್ಲಿಸಿದರು. "ಬೇಡಮ್ಮ. ನೋಡ್ಲಿಕ್ಕೆ ಚಂದ ಉಂಟು, ಸರಿ. ಹೋದ ವರ್ಷ ಬೇರೆ ಬೋರ್ಡು ಹಾಕಿ ಮೆಮೊರಿ ಪವರ್ ಕ್ಲಾಸು ಅಂತ ಮಾಡಿದ. ಆಮೇಲೆ ದುಡ್ಡು ಕೊಟ್ಟವರು ಇಲ್ಲೇ ನಿಂತು ಫೋನ್ ಮಾಡ್ತಿದ್ರು. ಸ್ವಿಚ್ ಆಫ್! ಅಂಥವನಿಗೆ ಹೆಣ್ಣು ಕೊಡ್ತೀರಾ?"

ವಿಜಿಗೆ ಸೋಡಾ ಮೂಗಿಗೆ ಹತ್ತಿತು. ನಾನು ಅವರನ್ನು ತಿದ್ದಲಿಲ್ಲ. ಕೋರ್ಸಿನ ವಿಷಯ ಎಂದಿದ್ದರೆ, "ನಂಗೊತ್ತಿಲ್ಲಮ್ಮ," ಎಂದು ಲಿಂಬೆ ಹಿಂಡುತ್ತಿದ್ದರೇನೋ. ಇನ್ನೊಬ್ಬರ ವ್ಯಾಪಾರದ ಉಸಾಬರಿ ಯಾರಿಗೆ ಬೇಕು? ಆದರೆ ಒಬ್ಬ ಹುಡುಗಿಯ ಬದುಕಿನ ಪ್ರಶ್ನೆ ಎಂದರೆ ನಮ್ಮ ಕಡೆಯ ಅಂಗಡಿಯವರು ಸುಳ್ಳು ಹೇಳುವುದಿಲ್ಲ.

ಗ್ರೈಂಡರ್ ಬಂತು. ಆದರೂ ವಿಜಿಗೆ ಕಲಿಯುವ ಆಸೆ ಹೋಗಲಿಲ್ಲ. ಹೋಗಬೇಕಾಗಿಯೂ ಇಲ್ಲ. ಕೋಟಿನವನು ಸುಳ್ಳಾದರೆ ಕಲಿಕೆ ಸುಳ್ಳಾಗುತ್ತದೆಯೇ? ಪ್ಯಾಕಿಂಗ್, ಲೇಬಲ್, ಲೆಕ್ಕ ಹೇಳಿಕೊಡುವ ಸಣ್ಣ ತರಬೇತಿಯೊಂದು ಬೆಳ್ತಂಗಡಿಯಲ್ಲಿ ಉಂಟೆಂದು ತಿಳಿಯಿತು. ಫೀಸು ಹೆಸರಿಗೆ ಮಾತ್ರ. ಎದುರಿನ ಅಂಗಡಿಯಲ್ಲಿ ಮೊದಲು ಸೋಡಾ ಕುಡಿದೆವು. ಅಂಗಡಿಯವರು ಕಪಾಟಿನಿಂದ ಒಂದು ಹಪ್ಪಳದ ಕಟ್ಟು ತೆಗೆದು ತೋರಿಸಿದರು. "ಇದು ಮಾಡುವವರು ಅಲ್ಲೇ ಕಲಿತದ್ದು. ಮನೆ ಇಲ್ಲೇ ಹಿಂದೆ, ಹೋಗಿ ಕೇಳಿ." ಹೋಗಿ ಕೇಳಿಯೂ ಬಂದೆವು.

ತರಗತಿಯ ಟೀಚರು ಕಾಟನ್ ಸೀರೆಯವರು. ಇಂಗ್ಲಿಷ್ ಅಷ್ಟಕ್ಕಷ್ಟೇ. ವಿಜಿ ಆಸೆಯಿಂದ ಕೇಳಿದಳು: "ಮೇಡಂ, ಇದು ಕಲಿತರೆ ನನ್ನ ರೊಟ್ಟಿ ವ್ಯಾಪಾರ ಹೆಚ್ಚಾಗ್ತದಾ?"

ಅವರು ಕೈಯ ಚಾಕ್‌ಪುಡಿ ಕೊಡವಿಕೊಂಡು, "ನೋಡುವ," ಎಂದರು.

ವಿಜಿಯ ಮುಖ ಸಪ್ಪಗಾಯಿತು. ನಾನು ಮಾತ್ರ ಎದ್ದು ನಿಂತೆ. ಮೊಣಕಾಲು ಕಟಕ್ ಎಂದಿತು.

"ಸೇರು ಮಗಾ," ಎಂದೆ.