ಹನ್ನೆರಡನೆಯ ಕಳ್ಳ

ಶಿವಲಿಂಗಪ್ಪನವರ ಬಲಗೈ ಹೆಬ್ಬೆರಳು ನೀಲಿಯಾಗಿತ್ತು. ಪುಸ್ತಕಕ್ಕೆ ಹುಳ ಹಿಡಿಯಬಾರದೆಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ, ಬ್ರಷ್ ಮುಟ್ಟದೆ ಹೆಬ್ಬೆರಳಿನಲ್ಲೇ ಹಚ್ಚುತ್ತಿದ್ದರು. ಎಷ್ಟು ತೊಳೆದರೂ ಆ ಬಣ್ಣ ಹೋಗುತ್ತಿರಲಿಲ್ಲ. ಕಾಮಾಕ್ಷಿಪಾಳ್ಯದಲ್ಲಿ ಎರಡು ಗಾರ್ಮೆಂಟ್ಸ್ ನಡುವೆ ಸಿಕ್ಕಿಕೊಂಡಂತಿದ್ದ ಬೈಂಡಿಂಗ್ ಅಂಗಡಿ ಅವರದು. ಕಾಲೇಜು ರೆಕಾರ್ಡುಗಳು ಹೊಟ್ಟೆಪಾಡಿಗೆ. ಹರಿದ ಮಕ್ಕಳ ಪುಸ್ತಕ ಬಂದರೆ ಮಾತ್ರ ಕನ್ನಡಕ ಒರೆಸಿಕೊಂಡು ಕೂರುತ್ತಿದ್ದರು.

ನಮ್ಮ ಇಂಚರಳಿಗೆ ಆಗ ನಾಲ್ಕು ವರ್ಷ. ಅವಳಿಗೆ ಹಡಗಿನ ಕಳ್ಳರ ಚಿತ್ರಪುಸ್ತಕವೊಂದಿತ್ತು. ಹಲ್ಲುಜ್ಜುವಾಗ ಅದು, ಇಡ್ಲಿ ತಿನ್ನುವಾಗ ಅದು. ಅದನ್ನು ಓದಿ ಓದಿ ನಾನೇ ಒಂಟಿಗಣ್ಣಿನ ಕಳ್ಳನಾಗಿಬಿಟ್ಟಿದ್ದೆ. ಹನ್ನೊಂದು ಕಳ್ಳರು ಹಡಗಿನ ಮೇಲೆ ಸಾಲಾಗಿ ನಿಂತ ಪುಟದ ಮೂಲೆ ಒಂದು ದಿನ ಹರಿದುಹೋಯಿತು. ರಿಪೇರಿಗೆ ಒಯ್ದೆ.

"ಮಕ್ಕಳು ಕಳ್ಳರ ಪುಸ್ತಕಾನ ಯಾಕ ಹರೀತಾವ ಗೊತ್ತೇನ್ರಿ?" ಎಂದರು ಶಿವಲಿಂಗಪ್ಪ. ಬೆಂಗಳೂರಿಗೆ ಬಂದು ನಲವತ್ತು ವರ್ಷವಾದರೂ ಧಾರವಾಡದ ಕಡೆಯ ಮಾತು ಬಿಟ್ಟಿರಲಿಲ್ಲ. "ಭಾಳ ಪ್ರೀತಿ ಮಾಡ್ತಾವ. ಕಪಾಟಿನಾಗ ಇಟ್ಟ ಪುಸ್ತಕ ಹರಿಯೂದಿಲ್ಲ."

ನಾಲ್ಕು ದಿನದ ಮೇಲೆ ಪುಸ್ತಕ ಮನೆಗೆ ಬಂತು. ಇಂಚರ ಎಣಿಸಿದಳು. "ಅಪ್ಪ, ಹನ್ನೆರಡು ಜನ ಇದಾರೆ."

ಹೌದು, ಇದ್ದರು. ತೇಪೆ ಹಾಕಿದ ಮೂಲೆಯಲ್ಲಿ, ಪೀಪಾಯಿಯ ಹಿಂದೆ, ಹೊಸಬನೊಬ್ಬ ನಿಂತಿದ್ದ. ಕುರುಚಲು ಗಡ್ಡ, ಎಡ ಹುಬ್ಬನ್ನು ಸೀಳಿದ ಗೀರು. ಉಳಿದವರೆಲ್ಲ ಸಮುದ್ರ ನೋಡುತ್ತಿದ್ದರೆ ಇವನು ನಮ್ಮನ್ನೇ ನೋಡುತ್ತಿದ್ದ. ನಾನು ಪುಟ ಮಗುಚಿದೆ, ಅವಳು ಹಿಂದಕ್ಕೆ ಮಗುಚಿದಳು. ಸುಳ್ಳೇಕೆ ಹೇಳಲಿ, ಅಂದಿನಿಂದ ಆ ಪುಸ್ತಕವನ್ನು ತೆರೆದಿಟ್ಟು ಕೋಣೆಯಿಂದ ಆಚೆ ಬರುವುದು ನನ್ನಿಂದಾಗುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಕಳ್ಳರದೇ ಇನ್ನೊಂದು ಪುಸ್ತಕ ಹರಿಯಿತು. ತೇಪೆಯಲ್ಲಿ ಮತ್ತೆ ಅವನೇ. ಆದರೆ ಈ ಸಲ ಕಿವಿಯ ಪಕ್ಕ ಕೂದಲು ನರೆತಿತ್ತು, ಕಣ್ಣಿನ ಕೆಳಗೆ ಚೀಲ ಬಂದಿತ್ತು. ಎರಡೂ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ: ಅದೇ ಹುಬ್ಬು, ಅದೇ ಗೀರು. ಅದೇ ತಿಂಗಳು ರಾಜಾಜಿನಗರದಲ್ಲಿ ಯಾವುದೋ ಮಗುವಿನ ಹುಟ್ಟುಹಬ್ಬಕ್ಕೆ ಹೋಗಿದ್ದೆವು. ಆ ಮನೆಯ ತೇಪೆ ಹಾಕಿದ ಪುಸ್ತಕವೊಂದರಲ್ಲೂ ಅವನು ನಿಂತಿದ್ದ.

ಕೇಳಿಯೇಬಿಟ್ಟೆ. "ಏನ್ಸಾರ್ ಇದು, ನಿಮ್ಮ ಕಳ್ಳನಿಗೆ ವಯಸ್ಸಾಗ್ತಾ ಇದೆ?"

"ಅವಗೂ ಆಗೂದಿಲ್ಲೇನ್ರಿ?" ಎಂದು ದಬ್ಬಳಕ್ಕೆ ದಾರ ಪೋಣಿಸಿಕೊಂಡರು. ಅಷ್ಟೇ.

ಇಂಚರ ಮೂರನೇ ಕ್ಲಾಸಿನಲ್ಲಿದ್ದಾಗ ಒಂದು ಶನಿವಾರ ಹೊಸಹಳ್ಳಿಯಲ್ಲಿ ಮೆಟ್ರೋ ಹತ್ತಿದೆವು. ಕೂತು ಅರೆನಿಮಿಷವಾಗಿಲ್ಲ, ಎದುರಿನ ಸೀಟಿನತ್ತ ಬಲಗೈ ಬೆರಳು ಮಾಡಿ, "ಅಪ್ಪ, ಕಳ್ಳ" ಎಂದಳು. ಇಡೀ ಬೋಗಿ ತಿರುಗಿ ನೋಡಿತು. ನಮ್ಮ ಜೊತೆಗೇ ಹತ್ತಿ ಎದುರಿಗೆ ಕೂತಿದ್ದ ವಯಸ್ಸಾದ ವ್ಯಕ್ತಿಯೂ ನೋಡಿದರು. ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಅವಳ ಬೆರಳನ್ನು ಅದುಮಿ ಹಿಡಿದು, ತಲೆ ತಗ್ಗಿಸಿ, "ಸಾರಿ ಸಾರ್, ಮಗು" ಎಂದೆ. ಅವರು ಮುಂದಿನ ಸ್ಟೇಷನ್ನಿನಲ್ಲಿ ಇಳಿದುಹೋದರು. ನಾನು ಅವರ ಚಪ್ಪಲಿ ನೋಡಿದ್ದೇ ಹೊರತು ಮುಖ ಸರಿಯಾಗಿ ನೋಡಲಿಲ್ಲ.

ಮರುವಾರ ಹರಿದ ಇನ್ನೊಂದು ಕಳ್ಳರ ಪುಸ್ತಕ ಹಿಡಿದು ಅಂಗಡಿಗೆ ಹೋದಾಗ ಇಂಚರ ಇದನ್ನು ದೂರಿನಂತೆ ಹೇಳಿದಳು. "ತಾತ, ನಿಮ್ಮ ಕಳ್ಳನ್ನ ನೋಡ್ದೆ. ಅಪ್ಪ ಬೈದ್ರು."

ಶಿವಲಿಂಗಪ್ಪನವರ ಕೈ ನಿಂತಿತು. "ಗೀರು ಯಾವ ಹುಬ್ಬಿಗಿತ್ತವ್ವಾ?"

ಅವಳು ತನ್ನ ಎಡ ಹುಬ್ಬನ್ನು ಮುಟ್ಟಿಕೊಂಡಳು.

ದಬ್ಬಳ ಕೆಳಗಿಟ್ಟು ಅವರು ಹೇಳಿದರು: ಹದಿನಾಲ್ಕನೇ ವಯಸ್ಸಿಗೆ ಮನೆ ಬಿಟ್ಟು ಬೆಂಗಳೂರು ಬಸ್ಸು ಹತ್ತಿದ ತಮ್ಮ. ಅವನನ್ನು ಹುಡುಕಲು ಬಂದ ತಾವು. ಒಂದು ಫೋಟೋ ಕೂಡ ಇಲ್ಲ.

"ಮತ್ತೆ ವಯಸ್ಸಾದ ಮುಖ ಹೇಗೆ ಬಿಡಿಸ್ತೀರಿ?"

"ಕನ್ನಡಿ ಐತೆಲ್ರಿ. ನಮ್ಮಿಬ್ಬರದೂ ಒಂದ ಮುಖ, ಗೀರೊಂದ ಬ್ಯಾರೆ. ಪೇಪರಿನಾಗ ಹಾಕಿಸಿದ್ರ ಮಂದಿ ಒಂದ ದಿನ ನೋಡ್ತಾರ. ಮಕ್ಕಳು ಒಂದ ಪುಸ್ತಕ ಸಾವಿರ ಸಲ ನೋಡ್ತಾವ. ಯಾವುದಾರ ಒಂದು ಕೂಸು ಗುರುತು ಹಿಡೀತದ ಅಂತ ಗೊತ್ತಿತ್ತು."

ಹಿಡಿದಿತ್ತು. ಆ ಬೆರಳನ್ನು ಅದುಮಿದವನು ನಾನು. ಅವರು ಬೈದಿದ್ದರೆ ಎಷ್ಟೋ ವಾಸಿಯಿತ್ತು. ಇಂಚರಳ ಹರಿದ ಪುಸ್ತಕವನ್ನು ತೆಗೆದಿಟ್ಟುಕೊಂಡು, "ಪುರಸೊತ್ತಿನಾಗ ಹೊಲಿದು ಕೊಡ್ತೀನಿ" ಎಂದಷ್ಟೇ ಹೇಳಿದರು.

ಆಮೇಲೆ ಅಂಗಡಿ ಮಧ್ಯಾಹ್ನವೇ ಮುಚ್ಚತೊಡಗಿತು. ಕೊನೆಯ ಸಲ ಅವರನ್ನು ನೋಡಿದ್ದು ಹೊಸಹಳ್ಳಿ ಸ್ಟೇಷನ್ನಿನ ಮೆಟ್ಟಿಲ ಬುಡದಲ್ಲಿ. ಇಳಿದು ಬರುವ ಒಂದೊಂದು ಮುಖವನ್ನೂ ಪುಟ ಎಣಿಸಿದಂತೆ ನೋಡುತ್ತಿದ್ದರು. "ಕೂಸನ್ನ ಒಮ್ಮೆ ಕರಕೊಂಡ ಬರ್ರಿ. ನನಗಿಂತ ಆಕಿಗೆ ಗುರುತು ಚೊಲೋ ಐತಿ" ಎಂದರು. ಬರೋ ಶನಿವಾರ ಖಂಡಿತ ಅಂದೆ. ಆ ಶನಿವಾರ ನೆಂಟರು ಬಂದರು, ಮುಂದಿನ ಶನಿವಾರ ಏನು ಅಡ್ಡ ಬಂತೋ ನೆನಪಿಲ್ಲ.

ಕೊನೆಗೆ ಇಂಚರಳನ್ನು ಕರೆದುಕೊಂಡು ಹೋದಾಗ ಸ್ಟೇಷನ್ನಿನಲ್ಲಿ ಅವರಿರಲಿಲ್ಲ. ಅಂಗಡಿಗೆ ಹೋದರೆ ಶಟರ್ ಇಳಿದಿತ್ತು. ಪಕ್ಕದ ಗಾರ್ಮೆಂಟ್ಸಿನ ಹೆಂಗಸು ಕಾಗದದಲ್ಲಿ ಸುತ್ತಿದ ಪುಸ್ತಕ ತಂದುಕೊಟ್ಟರು. "ಹದಿನೈದು ದಿನ ಆಯ್ತು ಸಾರ್. ಪಾಪುಗೆ ಕೊಡಿ ಅಂತ ಇಟ್ಟು ಹೋದ್ರು. ಎಲ್ಲಿಗೆ ಅಂತ ಹೇಳ್ಲಿಲ್ಲ."

ಇಂಚರ ಅಲ್ಲೇ ಮೆಟ್ಟಿಲ ಮೇಲೆ ಕೂತು ಪುಸ್ತಕ ಬಿಚ್ಚಿದಳು. ತೇಪೆಯಲ್ಲಿ ಎರಡು ಮುಖಗಳಿದ್ದವು. ಒಂದಕ್ಕೆ ಹುಬ್ಬಿನಲ್ಲಿ ಗೀರು. ಪಕ್ಕದ ಮುಖಕ್ಕೆ ಗೀರಿಲ್ಲ. ಪೀಪಾಯಿಯ ಅಂಚು ಹಿಡಿದ ಅದರ ಹೆಬ್ಬೆರಳು ನೀಲಿ. ಇಬ್ಬರೂ ನಮ್ಮನ್ನೇ ನೋಡುತ್ತಿದ್ದರು.

"ಅಪ್ಪ, ಇನ್ಮೇಲೆ ಇಬ್ಬರನ್ನೂ ಹುಡುಕ್ಬೇಕು ಅಲ್ವಾ?" ಎಂದಳು.

ಈಗ ಮೆಟ್ರೋ ಹತ್ತಿದರೆ ಅವಳ ಬಲಗೈಯನ್ನು ನಾನು ಹಿಡಿದುಕೊಳ್ಳುವುದಿಲ್ಲ.